ಉಡಿಯ ಖಣ, ನನ್ನ ಅಳತೆ

ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಖಣಗಳ, ಅಂದರೆ ಬ್ಲೌಸ್ ಬಟ್ಟೆಯ ತುಂಡುಗಳ, ಒಂದು ಗಂಟು ಇದ್ದೇ ಇರುತ್ತದೆ. ಮದುವೆ, ಕುಬಸ (ಸೀಮಂತ), ಗೃಹಪ್ರವೇಶ, ಎಲ್ಲಿಗೆ ಹೋದರೂ ಉಡಿ (ಮಡಿಲು) ತುಂಬುವಾಗ ಒಂದು ಖಣ ಬರುತ್ತದೆ. ಬಂದ ಹಾಗೇ ಅದು ಇನ್ನೊಬ್ಬರ ಉಡಿಗೆ ಹೋಗುತ್ತದೆ. ಹೊಲಿಸೋಣ ಎಂದರೆ ಟೈಲರ್ "ಬಟ್ಟೆ ಸಾಲಲ್ಲ" ಎನ್ನುತ್ತಾರೆ. ಅದು ಸುಳ್ಳೇನಲ್ಲ. ಈಗಿನ ಬ್ಲೌಸ್ ಕಟಿಂಗ್‌ಗೆ 80 ಸೆಂಟಿಮೀಟರ್‌ನಿಂದ ಒಂದು ಮೀಟರ್ ಬಟ್ಟೆ ಬೇಕು, ಪನ್ನವೂ (ಬಟ್ಟೆಯ ಅಗಲ) ದೊಡ್ಡದಿರಬೇಕು. ನನ್ನ ಹತ್ತಿರ ಇದ್ದ ಖಣಗಳ ಪನ್ನ ಸುಮಾರು 30 ಇಂಚು, ಉದ್ದ 20 ಇಂಚು. ಬಟ್ಟೆಯನ್ನು ಬೆಳೆಸಲು ಆಗುವುದಿಲ್ಲ, ಕಟಿಂಗ್ ಬದಲಿಸಬಹುದು. ನಾನು ಮಾಡಿದ್ದು ಅದನ್ನೇ.

ಮೊದಲ ಕೆಲಸ ಅಳತೆ ಬ್ಲೌಸ್. ಎದೆಯನ್ನು ನಾಲ್ಕರಿಂದ ಭಾಗಿಸಿ, ಅದಕ್ಕೆ ಇಷ್ಟು ಸೇರಿಸಿ ಎಂಬ ಲೆಕ್ಕಗಳನ್ನು ನಾನು ಹೆಚ್ಚು ನಂಬುವುದಿಲ್ಲ. ಎದೆ 36 ಇರುವ ಇಬ್ಬರ ಬೆನ್ನು, ಭುಜ ಒಂದೇ ತರಹ ಇರುತ್ತವಾ? ಮೈಗೆ ಸರಿಯಾಗಿ ಕೂರುವ ಒಂದು ಹಳೇ ಬ್ಲೌಸ್ ತೆಗೆದುಕೊಂಡು ಅದರ ಎಡಭಾಗವನ್ನು ಮಾತ್ರ ಬಿಚ್ಚಿದೆ. ಬಲಭಾಗ ಹಾಗೇ ಇಟ್ಟೆ. ಯಾವ ಹೊಲಿಗೆ ಮೊದಲು, ಯಾವುದು ಆಮೇಲೆ ಎಂದು ತಿಳಿಯಬೇಕಾದಾಗಲೆಲ್ಲ ಬಲಭಾಗ ತಿರುಗಿಸಿ ನೋಡಬಹುದು. ಬಿಚ್ಚಿದ ತುಂಡುಗಳನ್ನು ಇಸ್ತ್ರಿ ಮಾಡುವಾಗ ಎಳೆಯಬಾರದು, ಸುಮ್ನೆ ಒತ್ತಿ ತೆಗೆಯಬೇಕು. ಕಂಕುಳು ಮತ್ತು ಕೊರಳಿನ ಕಡೆ ಬಟ್ಟೆ ಓರೆಯಾಗಿರುತ್ತದೆ, ಎಳೆದರೆ ಹಿಗ್ಗಿಬಿಡುತ್ತದೆ. ಆ ತುಂಡುಗಳ ಪ್ಯಾಟರ್ನ್, ಅಂದರೆ ಕತ್ತರಿಸಲು ಕಾಗದದ ನಮೂನೆ, ಬರೆದದ್ದು ಹಳೇ ಕ್ಯಾಲೆಂಡರ್ ಹಾಳೆಗಳ ಹಿಂದೆ. ನ್ಯೂಸ್ ಪೇಪರ್ ಬೇಡ, ಅದರ ಮಸಿ ರೇಷ್ಮೆಗೆ ಹತ್ತುತ್ತದೆ.

ಇನ್ನು ಖಣದ ಸ್ವಭಾವ. ಗುಳೇದಗುಡ್ಡದ ಸಾಂಪ್ರದಾಯಿಕ ಖಣಕ್ಕೆ ಹಾಸು (ಉದ್ದದ ಎಳೆ) ರೇಷ್ಮೆ, ಹೊಕ್ಕು (ಅಡ್ಡ ಎಳೆ) ಹತ್ತಿ. ಎರಡೂ ಕಡೆ ಅಂಚು. ಆ ಅಂಚು ತೋಳಿನ ತುದಿಗೆ ಮತ್ತು ಕೆಳಗೆ ಬಂದರೇನೇ ಖಣದ ಬ್ಲೌಸಿಗೆ ಕಳೆ. ಅಂದರೆ ಪ್ಯಾಟರ್ನನ್ನು ಅಡ್ಡ ಇಡಬೇಕು, ಬ್ಲೌಸಿನ ಕೆಳತುದಿ ಅಂಚಿನ ಮೇಲೆ ಬರುವ ಹಾಗೆ. ಹೀಗಿಟ್ಟಾಗ 30 ಇಂಚಿನ ಪನ್ನ ಸರಿಯಾಗಿ ಎರಡು ಪಾಲಾಗುತ್ತದೆ. ಒಂದು ಅಂಚಿನಿಂದ 15 ಇಂಚಿನಲ್ಲಿ ಬೆನ್ನು, ಇನ್ನೊಂದು ಅಂಚಿನಿಂದ 15 ಇಂಚಿನಲ್ಲಿ ಮುಂಭಾಗ. ನನ್ನ ಬ್ಲೌಸಿನ ಉದ್ದ 14 ಇಂಚು, ಹಾಗಾಗಿ ಭುಜದ ಹೊಲಿಗೆಗೂ ಜಾಗ ಉಳಿಯಿತು. ಕೆಳಗೆ ಅಂಚೇ ಇರುವುದರಿಂದ ಮಡಚಿ ಹೊಲಿಯುವ ಬಟ್ಟೆಯೂ ಉಳಿತಾಯ. ಒಂದು ಮಾತು: ಬುಟ್ಟಿಗಳಿಗೆ (ನೇಯ್ದ ಚಿತ್ತಾರ) ತಲೆ-ಬುಡ ಇರುವ ಖಣವಾದರೆ ಹೀಗೆ ಕತ್ತರಿಸಿದಾಗ ಒಂದು ಭಾಗದಲ್ಲಿ ಅವು ತಲೆಕೆಳಗಾಗುತ್ತವೆ. ಚುಕ್ಕಿ, ಚೌಕದ ನೇಯ್ಗೆಯಾದರೆ ಆ ಚಿಂತೆಯಿಲ್ಲ.

ಉದ್ದದ ಸಮಸ್ಯೆ ಬಗೆಹರಿಯಿತು. ಅಗಲ? ಎದೆ 36, ಸಡಿಲಕ್ಕೆ ಒಂದು ಇಂಚು, ಒಟ್ಟು 37. ಬೆನ್ನಿಗೆ ಅದರ ಅರ್ಧ, ಮೇಲೆ ಪಕ್ಕದ ಹೊಲಿಗೆಗೆಂದು ಬಿಡುವ ಬಟ್ಟೆ, ಎಲ್ಲ ಸೇರಿ 21 ದಾಟುತ್ತದೆ. ಖಣ ಇರುವುದು 20. ಇಲ್ಲಿ ನನ್ನ ಕೈ ಹಿಡಿದದ್ದು ನಮ್ಮಜ್ಜಿಯ ಹಳೇ ಕುಬಸ, ಅಂದರೆ ಹುಕ್ಕಿಲ್ಲದೆ ಮುಂದೆ ಗಂಟು ಹಾಕುವ ರವಿಕೆ. ಅದರಲ್ಲಿ ಕಂಕುಳಿನ ಕೆಳಗೆ ಬೇರೆ ಬಟ್ಟೆಯ ತುಂಡುಗಳಿದ್ದವು. ಚಂದಕ್ಕಲ್ಲ, ಬಟ್ಟೆ ಸಾಲದ್ದಕ್ಕೆ. ನಾನೂ ಕಾಗದದ ಮೇಲೆ ಬೆನ್ನು ಮತ್ತು ಮುಂಭಾಗದ ಪಕ್ಕಗಳನ್ನು ಕತ್ತರಿಸಿ, ಆ ಎರಡು ಪಟ್ಟಿಗಳನ್ನು ಪಕ್ಕದ ಹೊಲಿಗೆಯ ಗೆರೆಯಲ್ಲಿ ಅಂಟಿಸಿ 3 ಇಂಚಿನ ಒಂದೇ ತುಂಡು ಮಾಡಿದೆ. ಈಗ ಲೆಕ್ಕ ನೋಡಿ: ಬೆನ್ನು 15, ಮುಂದೆ 16, ಎರಡು ಪಕ್ಕ ಸೇರಿ 6. ಒಟ್ಟು 37. ಹೊಲಿಗೆ ಸೇರಿಸಿದರೂ ಒಂದೊಂದು ತುಂಡೂ 20 ಇಂಚಿನೊಳಗೆ. ಪಕ್ಕದ ಟಕ್ಸ್ (ಮೈಗೆ ಕೂರಲು ಹಿಡಿದು ಹೊಲಿಯುವ ಮಡಿಕೆ) ಹೊಸ ಹೊಲಿಗೆಯಿಂದ ಶುರುವಾಗುತ್ತದೆ, ಕೆಳಗಿನ ಟಕ್ಸ್ ಇದ್ದಲ್ಲೇ ಇರುತ್ತದೆ.

ತೋಳಿಗೆ ಎರಡನೇ ಖಣ. ಒಂದೊಂದು ಅಂಚಿಗೂ ಒಂದು ತೋಳು, ಅದರ ಬದಿಗೇ ಪಕ್ಕದ ತುಂಡು. ಅದೇ ಬಣ್ಣದ ಜೋಡಿ ಉಡಿಯಲ್ಲಿ ಸಿಗುವುದು ಕಷ್ಟ. ನನ್ನದು ಹಸಿರು ಮೈ, ಕುಂಕುಮ ಬಣ್ಣದ ತೋಳು. ಇಳಕಲ್ ಸೀರೆಯ ಕೆಂಪು ಸೆರಗಿಗೆ ಅದೇ ಒಪ್ಪಿತು ಎನ್ನಿ.

ಖಣಕ್ಕೆ ಕತ್ತರಿ ಹಾಕುವ ಮುಂಚೆ ಹಳೇ ಪಂಚೆಯಲ್ಲಿ ಕಚ್ಚಾ ಹೊಲಿಗೆ ಹಾಕಿ ತೊಟ್ಟು ನೋಡಿದೆ. ಈ ಹಂತ ಬಿಡಲೇಬೇಡಿ. ಅವ್ವ ಸುತ್ತಲೂ ತಿರುಗಿ ನೋಡಿ, "ಕೈ ಮ್ಯಾಲೆತ್ತು" ಅಂದಳು. ಎತ್ತಿದರೆ ಇಡೀ ಬ್ಲೌಸ್ ಮೇಲಕ್ಕೆ ಬಂತು. ಇಂಥಲ್ಲಿ ತುಂಬಾ ಜನ ಕಂಕುಳನ್ನು ಇನ್ನೂ ಆಳಕ್ಕೆ ಕತ್ತರಿಸುತ್ತಾರೆ. ಅದರಿಂದ ಹಿಡಿತ ಇನ್ನೂ ಜಾಸ್ತಿ ಆಗುತ್ತದೆ. ಕಂಕುಳಿನ ಗೆರೆಯನ್ನು ಅರ್ಧ ಇಂಚು ಮೇಲಕ್ಕೆ ತಂದು, ತೋಳನ್ನೂ ಅದಕ್ಕೆ ಹೊಂದಿಸಿದೆ. ಬ್ಲೌಸ್ ಇದ್ದಲ್ಲೇ ನಿಂತಿತು, ಕೈ ಮಾತ್ರ ಮೇಲೆ ಹೋಯಿತು. ಬೆನ್ನಿನ ಕೊರಳು ಎದ್ದು ನಿಲ್ಲುತ್ತಿತ್ತು. ಪಂಚೆಯ ಮೇಲೆ ಅಲ್ಲಿ ಚಿಟಿಕೆಯಷ್ಟು ಹಿಡಿದು ಪಿನ್ ಹಾಕಿ, ಕಾಗದದಲ್ಲೂ ಅಷ್ಟೇ ಮಡಿಕೆ ಹಾಕಿದೆ, ಕೊರಳಿನಲ್ಲಿ ಅಗಲ, ಕಂಕುಳಿನ ಕಡೆಗೆ ಹೋಗುತ್ತಾ ಸೊನ್ನೆ. ನನ್ನ ಬಲಭುಜ ಎಡಕ್ಕಿಂತ ಸ್ವಲ್ಪ ಇಳಿದಿದೆ. ಅಲ್ಲಿ ಕಾಲು ಇಂಚು ಹೆಚ್ಚು ಒಳಗೆ ಹೊಲಿದೆ.

ಉಳಿದದ್ದು ಎಲ್ಲರೂ ಮಾಡುವಂಥದ್ದೇ. ಹತ್ತಿಯ ಲೈನಿಂಗನ್ನು ಮೊದಲೇ ನೆನೆಸಿ ಒಣಗಿಸಿ, ಇಲ್ಲದಿದ್ದರೆ ಮೊದಲ ಒಗೆತಕ್ಕೆ ಅದು ಕುಗ್ಗಿ ಮೇಲಿನ ಖಣ ಸುಕ್ಕಾಗುತ್ತದೆ. ಸೂಜಿ 11ನೇ ನಂಬರಿನದು ಸಾಕು. ಪಿನ್‌ಗಳನ್ನು ಹೊಲಿಗೆಯ ಹೊರಗಿನ ಬಟ್ಟೆಗೇ ಚುಚ್ಚಿ, ಇಲ್ಲದಿದ್ದರೆ ರೇಷ್ಮೆಯಲ್ಲಿ ತೂತು ಉಳಿದುಬಿಡುತ್ತದೆ. ಹುಕ್ ಪಟ್ಟಿ, ಕಾಜಾ ಪಟ್ಟಿ, ಕೊರಳಿನ ಪೈಪಿಂಗ್ ಇವಕ್ಕೆ ಖಣ ಕತ್ತರಿಸಬೇಡಿ. ಬೇರೆ ತೆಳು ಬಟ್ಟೆಯೇ ಒಳ್ಳೆಯದು, ಪೈಪಿಂಗ್‌ಗೆ ಹೇಗೂ ಓರೆ ಪಟ್ಟಿ ಬೇಕು.

ಅಕ್ಕ ಈಗ ಅದೇ ಪ್ಯಾಟರ್ನ್ ಕೇಳಿದ್ದಾಳೆ. ಅವಳ ಎದೆ 40. ಭುಜ, ಕೊರಳು ಇಬ್ಬರದೂ ಹೆಚ್ಚುಕಡಿಮೆ ಒಂದೇ, ಹಾಗಾಗಿ ಅವನ್ನು ಮುಟ್ಟುವುದಿಲ್ಲ. ಪಕ್ಕದ ತುಂಡುಗಳನ್ನು 3ರಿಂದ 5 ಇಂಚಿಗೆ ಏರಿಸಿದರೆ ಬೇಕಾದ 4 ಇಂಚು ಸಿಗುತ್ತದೆ. ಕಂಕುಳು ಅಷ್ಟೇ ಹಿಗ್ಗುವುದರಿಂದ ತೋಳನ್ನೂ ಅಗಲ ಮಾಡಬೇಕು. ಆಗ ತೋಳು, ಪಕ್ಕ ಎರಡೂ ಒಂದೇ ಖಣದಲ್ಲಿ ಹಿಡಿಯಲಾರವು, ಮೂರನೆಯದು ಬೇಕು. ಟಕ್ಸ್ ಎಷ್ಟು ಆಳ ಎಂಬುದನ್ನು ಅವಳಿಗೆ ಪಂಚೆ ತೊಡಿಸಿಯೇ ನೋಡಬೇಕು.