ಹಳೆ ಆಂಪ್ಲಿಫಯರ್ ಆನ್ ಮಾಡುವ ಮುಂಚೆ ಸ್ಪೀಕರ್ ವೈರ್ ಬಿಚ್ಚಿಡಿ

ಆರು ವರ್ಷದ ಹಿಂದೆ ಮಾವನ ಮನೆ ಅಟ್ಟದಿಂದ ಒಂದು ಸ್ಟೀರಿಯೊ ಆಂಪ್ಲಿಫಯರ್ ಕೆಳಗಿಳಿಸಿದೆ. ಮುಂದೆ ಅಲ್ಯೂಮಿನಿಯಂ ಫಲಕ, ಕೈತುಂಬ ಸಿಗುವ ದಪ್ಪ ವಾಲ್ಯೂಮ್ ನಾಬ್, ಎರಡೂ ಪಕ್ಕಕ್ಕೆ ಮರದ ಹಲಗೆ. ಧೂಳು ಒರೆಸಿ, ಮನೆಯಲ್ಲಿದ್ದ ಒಳ್ಳೆ ಸ್ಪೀಕರ್‌ಗಳನ್ನೇ ಸಿಕ್ಕಿಸಿ, ಸೀದಾ ಸ್ವಿಚ್ ಒತ್ತಿದೆ. ‘ಧಡ್’ ಅಂತ ಒಂದೇ ಸದ್ದು. ಎಡಗಡೆ ವೂಫರ್‌ನ (ದಪ್ಪ ಸದ್ದು ಕೊಡುವ ದೊಡ್ಡ ಸ್ಪೀಕರ್) ಪೇಪರ್ ಕೋನ್ ಮುಂದಕ್ಕೆ ನುಗ್ಗಿ ಅಲ್ಲೇ ನಿಂತುಬಿಟ್ಟಿತು, ವಾಪಸ್ ಬರಲೇ ಇಲ್ಲ. ಪ್ಲಗ್ ಕೀಳುವಷ್ಟರಲ್ಲಿ ಸುಟ್ಟ ವಾರ್ನಿಶ್ ವಾಸನೆ ಕೋಣೆಯೆಲ್ಲ ತುಂಬಿತ್ತು. ಹಾಡಿನ ಒಂದು ಸ್ವರವೂ ಕೇಳಿಸಲಿಲ್ಲ, ಸ್ಪೀಕರ್ ಹೋಗಿತ್ತು.

ಈಗ ಹಳೆ ಆಂಪ್ಲಿಫಯರ್‌ಗಳನ್ನು ಹುಡುಕಿ ತರುವವರು ಜಾಸ್ತಿ ಆಗಿದ್ದಾರೆ. ಗಲ್ಫ್‌ನಿಂದ ದೊಡ್ಡಪ್ಪ ತಂದ ಜಪಾನ್ ಸೆಟ್, ಅಪ್ಪ ಸಂಬಳ ಕೂಡಿಟ್ಟು ಕೊಂಡ ದೇಶಿ ಆಂಪ್, ಗುಜರಿಯಲ್ಲಿ ಸಿಕ್ಕ ಇನ್ನೊಂದು. ನಿಜಕ್ಕೂ ಒಳ್ಳೆ ವಸ್ತುಗಳು ಅವು, ಎಸೆಯುವಂಥವಲ್ಲ. ಆದರೆ ಸ್ಪೀಕರ್ ಸಿಕ್ಕಿಸುವುದು ಮೊದಲ ಕೆಲಸ ಅಲ್ಲ, ಕೊನೆಯ ಕೆಲಸ.

ಸ್ಪೀಕರ್ ಸುಡುವುದು ಯಾಕೆ

ಜೋರಾಗಿ ಹಾಡು ಹಾಕಿದರೆ ಸ್ಪೀಕರ್ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು. ಹಳೆ ಆಂಪ್‌ನಲ್ಲಿ ಅದಕ್ಕಿಂತ ದೊಡ್ಡ ಶತ್ರು ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟ್. ಹಾಡು ಅಂದರೆ ದಿಕ್ಕು ಬದಲಿಸುತ್ತಿರುವ ಎಸಿ: ಪೇಪರಿಗೆ ಅಂಟಿದ ತಂತಿ ಸುರುಳಿಯನ್ನು, ಅಂದರೆ ವಾಯ್ಸ್ ಕಾಯಿಲನ್ನು, ಹಿಂದೆ ಮುಂದೆ ಆಡಿಸುತ್ತಿರುತ್ತದೆ, ಆ ಆಟದಲ್ಲೇ ಕಾಯಿಲ್‌ಗೆ ಗಾಳಿ ಸಿಕ್ಕಿ ಒಂದಷ್ಟು ತಣ್ಣಗಾಗುತ್ತದೆ. ಡಿಸಿ ಬಂದರೆ ಕಾಯಿಲ್ ಒಂದೇ ಕಡೆ ತಳ್ಳಿಕೊಂಡು ನಿಲ್ಲುತ್ತದೆ. ಆಡುವುದಿಲ್ಲ, ಗಾಳಿಯಿಲ್ಲ, ಬರೀ ಬಿಸಿ.

ಲೆಕ್ಕ ಹಾಕಿ ನೋಡಿ. ಮಧ್ಯಮ ಗಾತ್ರದ ಆಂಪ್ ಒಳಗೆ ಪ್ಲಸ್ 35, ಮೈನಸ್ 35 ವೋಲ್ಟ್ ಸಪ್ಲೈ ಇದೆ ಅಂದುಕೊಳ್ಳಿ. ಸ್ಪೀಕರ್‌ಗೆ ಶಕ್ತಿ ಕೊಡುವ ಔಟ್‌ಪುಟ್ ಟ್ರಾನ್ಸಿಸ್ಟರ್ ಒಂದು ಶಾರ್ಟ್ ಆದರೆ ಆ 35 ವೋಲ್ಟ್ ನೇರ ಸ್ಪೀಕರ್‌ಗೆ ಹೋಗುತ್ತದೆ. 8 ಓಮ್ ಸ್ಪೀಕರ್‌ನ ಕಾಯಿಲನ್ನು ಮೀಟರ್‌ನಲ್ಲಿ ಅಳೆದರೆ ಸುಮಾರು 6 ಓಮ್ ಬರುತ್ತದೆ. ಅಂದರೆ ಹೆಚ್ಚುಕಮ್ಮಿ 6 ಆಂಪಿಯರ್ ಕರೆಂಟ್, 200 ವ್ಯಾಟ್ ಶಾಖ, ಕೂದಲೆಳೆಯಂಥ ತಂತಿಯ ಒಂದು ಸುರುಳಿಯಲ್ಲಿ. ಕೆಲವೇ ಸೆಕೆಂಡ್ ಸಾಕು. ವಾಲ್ಯೂಮ್ ಸೊನ್ನೆಯಲ್ಲಿದ್ದರೂ ಇದು ನಡೆಯುತ್ತದೆ, ನನಗೆ ಆದದ್ದು ಹಾಗೇ.

ಇನ್ನೂ ಹಳೆಯ ಟ್ರಾನ್ಸಿಸ್ಟರ್ ಸೆಟ್‌ಗಳಲ್ಲಿ ಒಂದೇ ಸಪ್ಲೈ ಇರುತ್ತದೆ, ಸ್ಪೀಕರ್ ದಾರಿಯಲ್ಲಿ ಹೆಬ್ಬೆರಳಿಗಿಂತ ದಪ್ಪನೆಯ ಒಂದು ಕೆಪಾಸಿಟರ್. ಹಳೆ ಮೆಕ್ಯಾನಿಕ್‌ಗಳು ಅದನ್ನು ಕಂಡೆನ್ಸರ್ ಅನ್ನುತ್ತಾರೆ. ಡಿಸಿಯನ್ನು ತಡೆದು ಹಾಡನ್ನು ಮಾತ್ರ ಬಿಡುವುದು ಅದರ ಕೆಲಸ. ಚೆನ್ನಾಗಿದ್ದರೆ ಅದೇ ಸ್ಪೀಕರ್‌ನ ಕಾವಲು. ಆದರೆ 40 ವರ್ಷ ಅಟ್ಟದ ಬಿಸಿಯಲ್ಲಿ ಒಣಗಿದ ಕೆಪಾಸಿಟರ್ ಡಿಸಿಯನ್ನು ಸೋರಿಬಿಡಲು ಶುರು ಮಾಡುತ್ತದೆ, ಆಗ ಕಾವಲುಗಾರನನ್ನೇ ನಂಬುವ ಹಾಗಿಲ್ಲ. ಟ್ರಾನ್ಸಿಸ್ಟರ್ ಬದಲು ಗಾಜಿನ ಕೊಳವೆಗಳಿರುವ ವಾಲ್ವ್ ಸೆಟ್ ಕಥೆ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಹಿಂಭಾಗ ನೋಡಿ

ಪ್ಲಗ್ ಮುಟ್ಟುವ ಮುಂಚೆ ಆಂಪ್ ಹಿಂದೆ ಏನು ಬರೆದಿದೆ ಓದಿ. ಜಪಾನ್ ಒಳಗಿನ ಮಾರುಕಟ್ಟೆಗೆ ಮಾಡಿದ ಸೆಟ್ 100 ವೋಲ್ಟ್‌ನದು, ಅಮೆರಿಕದಿಂದ ಬಂದದ್ದು 120 ವೋಲ್ಟ್‌ನದು. ನಮ್ಮ 230 ವೋಲ್ಟ್‌ಗೆ ಹಾಕಿದರೆ ಅಲ್ಲಿಗೆ ಮುಗಿಯಿತು. ಹೊರದೇಶಕ್ಕೆಂದು ಮಾಡಿದ ಎಷ್ಟೋ ಸೆಟ್‌ಗಳಲ್ಲಿ ವೋಲ್ಟೇಜ್ ಆರಿಸುವ ಒಂದು ಸಣ್ಣ ಸ್ವಿಚ್ ಇರುತ್ತದೆ. 220, 240 ಎರಡೂ ಇದ್ದರೆ 240ಕ್ಕೆ ಇಡಿ, ನಮ್ಮ ಕಡೆ ರಾತ್ರಿ ಹೊತ್ತು ವೋಲ್ಟೇಜ್ ಏರುವುದುಂಟು.

ಆಮೇಲೆ ಫ್ಯೂಸ್. ಹಿಂದಿನವರು ಯಾರಾದರೂ ಫ್ಯೂಸ್ ಮೇಲೆ ತಂತಿ ಸುತ್ತಿದ್ದರೆ, ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿದ್ದರೆ (ಎರಡನ್ನೂ ನೋಡಿದ್ದೇನೆ), ಅದನ್ನು ಕಿತ್ತು ಸೆಟ್ ಮೇಲೆ ಬರೆದಿರುವ ಆಂಪಿಯರ್‌ನ ಹೊಸ ಗಾಜಿನ ಫ್ಯೂಸ್ ಹಾಕಿ. ಐದೋ ಹತ್ತೋ ರೂಪಾಯಿಯ ವಸ್ತು. ವೈರಿನ ರಬ್ಬರ್ ಬಿರಿದಿದ್ದರೆ ಅದನ್ನೂ ಬದಲಿಸಿ.

ಸೀರೀಸ್ ಲ್ಯಾಂಪ್ ಕಟ್ಟಿಕೊಳ್ಳಿ

ಇಡೀ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ಊರಿನ ಎಲೆಕ್ಟ್ರಿಷಿಯನ್‌ಗಳೆಲ್ಲ ಬಳಸುವ ಉಪಾಯ. ಒಂದು ಮರದ ಹಲಗೆ ಮೇಲೆ ಬಲ್ಬ್ ಹೋಲ್ಡರ್, ಒಂದು ಸಾಕೆಟ್. ಫೇಸ್ ವೈರ್ ಮೊದಲು ಬಲ್ಬ್‌ಗೆ ಹೋಗಿ, ಬಲ್ಬ್ ದಾಟಿ ಸಾಕೆಟ್‌ಗೆ ಬರಬೇಕು. ನ್ಯೂಟ್ರಲ್ ಮತ್ತು ಅರ್ತ್ ನೇರ ಸಾಕೆಟ್‌ಗೆ. ಬಲ್ಬ್ ಮಾತ್ರ ಹಳೇ ಕಾಲದ ತಂತಿ ಬಲ್ಬೇ ಆಗಬೇಕು, 60 ಅಥವಾ 100 ವ್ಯಾಟ್. ಎಲ್‌ಇಡಿ ಇಲ್ಲಿ ಉಪಯೋಗಕ್ಕಿಲ್ಲ. ವೈರಿಂಗ್ ಕೈಯಲ್ಲಿ ಅಭ್ಯಾಸ ಇಲ್ಲದವರು ಸುಮ್ನೆ ಸಾಹಸ ಮಾಡಬೇಡಿ, ಗೊತ್ತಿರುವವರ ಹತ್ತಿರ ಅರ್ಧ ಗಂಟೆಯಲ್ಲಿ ಮಾಡಿಸಿಕೊಳ್ಳಿ.

ಈಗ ಸ್ಪೀಕರ್ ಇಲ್ಲದೆ, ವಾಲ್ಯೂಮ್ ಸೊನ್ನೆಯಲ್ಲಿಟ್ಟು, ಆಂಪನ್ನು ಆ ಸಾಕೆಟ್‌ಗೆ ಹಾಕಿ ಆನ್ ಮಾಡಿ. ಬಲ್ಬ್ ಒಮ್ಮೆ ಪ್ರಕಾಶವಾಗಿ ಉರಿದು, ಒಂದೆರಡು ಸೆಕೆಂಡ್‌ನಲ್ಲಿ ಮಂಕಾಗಿ, ತಂತಿ ಕೆಂಪಗೆ ಕಾಣುವಷ್ಟಕ್ಕೆ ಇಳಿಯಬೇಕು. ಒಳಗಿನ ದೊಡ್ಡ ಕೆಪಾಸಿಟರ್‌ಗಳು ತುಂಬಿಕೊಂಡವು ಅಂತ ಅದರ ಅರ್ಥ. ಬಲ್ಬ್ ಇಳಿಯದೆ ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಎಲ್ಲೋ ಶಾರ್ಟ್ ಇದೆ. ಹೆದರಬೇಡಿ, ಆರಿಸಿ. 60 ವ್ಯಾಟ್ ಬಲ್ಬ್ ಕಾಲು ಆಂಪಿಯರ್‌ಗಿಂತ ಹೆಚ್ಚು ಕರೆಂಟ್ ಬಿಡುವುದಿಲ್ಲ ಅನ್ನಿ, ಹಾಗಾಗಿ ಟ್ರಾನ್ಸ್‌ಫಾರ್ಮರ್ ಉಳಿದಿರುತ್ತದೆ. ಆದರೆ ಆ ಸೆಟ್ ಈಗ ಮೆಕ್ಯಾನಿಕ್ ಹತ್ತಿರ ಹೋಗಬೇಕು.

ಒಂದು ಎಚ್ಚರಿಕೆ. ಪ್ಲಗ್ ಕಿತ್ತ ಮೇಲೂ ಆ ದೊಡ್ಡ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. ಮುಚ್ಚಳ ತೆಗೆದ ತಕ್ಷಣ ಕೈ ಹಾಕಬೇಡಿ.

ಮೀಟರ್ ಹಿಡಿಯಿರಿ

ಮುನ್ನೂರು ರೂಪಾಯಿ ಆಸುಪಾಸಿನ ಹಳದಿ ಡಿಜಿಟಲ್ ಮೀಟರ್ ಸಾಕು. ಡಿಸಿ ವೋಲ್ಟ್‌ಗೆ ತಿರುಗಿಸಿ, ಮೊದಲು 200 ವೋಲ್ಟ್ ರೇಂಜ್‌ನಲ್ಲಿಡಿ. ಕೆಂಪು ಕಡ್ಡಿ ಸ್ಪೀಕರ್‌ನ ಕೆಂಪು ಟರ್ಮಿನಲ್‌ಗೆ, ಕಪ್ಪು ಕಡ್ಡಿ ಅದೇ ಚಾನೆಲ್‌ನ ಕಪ್ಪು ಟರ್ಮಿನಲ್‌ಗೆ. ಕಡ್ಡಿಗಳು ಒಂದಕ್ಕೊಂದು ತಾಗದ ಹಾಗೆ ನೋಡಿಕೊಳ್ಳಿ. ಕ್ಷಣಮಾತ್ರದ ಶಾರ್ಟ್ ಕೂಡ ಹಳೆ ಔಟ್‌ಪುಟ್ ಟ್ರಾನ್ಸಿಸ್ಟರನ್ನು ತಿಂದುಹಾಕಬಲ್ಲದು. ನಾನು ಮೊಸಳೆ ಕ್ಲಿಪ್ ಹಾಕಿ, ಆಮೇಲೆ ಆನ್ ಮಾಡಿ, ದೂರ ನಿಂತು ಓದುತ್ತೇನೆ.

ಅಂಕಿ ಸೊನ್ನೆ ಹತ್ತಿರ ಇದ್ದರೆ ರೇಂಜ್ ಇಳಿಸುತ್ತಾ ಮಿಲಿವೋಲ್ಟ್‌ಗೆ ಬನ್ನಿ. ಆನ್ ಮಾಡಿದ ಕ್ಷಣ ಕುಣಿದಾಡುವುದು ಸಹಜ. ಒಂದೆರಡು ನಿಮಿಷ ಬಿಟ್ಟು ನಿಂತಲ್ಲಿ 50 ಮಿಲಿವೋಲ್ಟ್ ಒಳಗಿದ್ದರೆ ನೆಮ್ಮದಿ. 50ರಿಂದ 100 ಇದ್ದರೆ ಸ್ಪೀಕರ್ ಸುಡುವುದಿಲ್ಲ, ಆದರೆ ಏನೋ ಹಳಸುತ್ತಿದೆ. 100 ದಾಟಿದರೆ ರಿಪೇರಿ ಮಾಡಿಸದೆ ಒಳ್ಳೆ ಸ್ಪೀಕರ್ ಹತ್ತಿರ ತರಬೇಡಿ. ವೋಲ್ಟ್‌ಗಟ್ಟಲೆ ತೋರಿಸಿದರೆ ತಕ್ಷಣ ಆರಿಸಿ.

ಎರಡೂ ಚಾನೆಲ್ ಅಳೆಯಬೇಕು. ಬಲ್ಬ್ ಇರುವಾಗ ಒಳಗೆ ಪೂರ್ತಿ ವೋಲ್ಟೇಜ್ ಸಿಗುವುದಿಲ್ಲವಾದ್ದರಿಂದ, ಅದು ಸರಿ ಕಂಡ ಮೇಲೆ ಆಂಪನ್ನು ಬಲ್ಬ್ ಹಲಗೆಯಿಂದ ಬಿಡಿಸಿ, ನೇರ ಗೋಡೆಯ ಸಾಕೆಟ್‌ಗೆ ಹಾಕಿ ಇನ್ನೊಮ್ಮೆ ಅಳೆಯಿರಿ. ಆಮೇಲೆ ಅರ್ಧ ಗಂಟೆ ಹಾಗೇ ಬಿಟ್ಟು, ಬಿಸಿಯಾದ ಮೇಲೆ ಮತ್ತೊಮ್ಮೆ. ತಣ್ಣಗಿದ್ದಾಗ ಸಾಧುವಾಗಿದ್ದು ಬಿಸಿಯಾದ ಮೇಲೆ ತಿರುಗಿಬೀಳುವ ಸೆಟ್‌ಗಳಿವೆ. ಬೇಸರ ಆಗುತ್ತದೆ ನಿಜ, ಆದರೂ ಈ ಅರ್ಧ ಗಂಟೆ ಉಳಿಸಲು ಹೋಗಬೇಡಿ.

ಒಳಗೆ ಸ್ಕ್ರೂಡ್ರೈವರ್‌ನಿಂದ ತಿರುಗಿಸುವ ಸಣ್ಣ ಪ್ರೀಸೆಟ್‌ಗಳು ಕಾಣುತ್ತವೆ. ಕೈ ತುರಿಸುತ್ತದೆ, ಆದರೆ ಸರ್ಕ್ಯೂಟ್ ಗೊತ್ತಿಲ್ಲದೆ ತಿರುಗಿಸಬೇಡಿ. ಅವುಗಳಲ್ಲಿ ಒಂದು ಬಯಾಸ್‌ನದು (ಹಾಡಿಲ್ಲದಾಗಲೂ ಟ್ರಾನ್ಸಿಸ್ಟರ್‌ನಲ್ಲಿ ಹರಿಯುವ ಕರೆಂಟ್ ಎಷ್ಟೆಂದು ಇಡುವುದು), ಅದು ತಪ್ಪಿದರೆ ಟ್ರಾನ್ಸಿಸ್ಟರ್ ಕಾದು ಹೋಗುತ್ತದೆ, ಹಿಂದೆಯೇ ಡಿಸಿ ಬರುತ್ತದೆ.

ಕೆಲವು ಸೆಟ್‌ಗಳಲ್ಲಿ ಆನ್ ಮಾಡಿದ ಮೂರ್ನಾಲ್ಕು ಸೆಕೆಂಡ್‌ಗೆ ‘ಟಿಕ್’ ಅಂತ ಒಂದು ರಿಲೇ (ಕರೆಂಟ್‌ನಿಂದ ತಾನೇ ಸೇರಿ ಬಿಡುವ ಸ್ವಿಚ್) ಸದ್ದು ಬರುತ್ತದೆ. ಒಳಗೇ ಪ್ರೊಟೆಕ್ಷನ್ ಇದೆ ಅಂತ ಅರ್ಥ. ಅಂಥ ಸೆಟ್‌ನಲ್ಲಿ ಈ ಸದ್ದು ಬಾರದಿದ್ದರೆ ಟರ್ಮಿನಲ್‌ನಲ್ಲಿ ಸೊನ್ನೆ ತೋರಿಸುತ್ತದೆ, ಮೋಸ ಹೋಗಬೇಡಿ. ಒಳಗೆ ತಪ್ಪು ಕಂಡೇ ರಿಲೇ ಬಾಗಿಲು ತೆರೆಯದೆ ಕೂತಿರಬಹುದು. ಅದನ್ನು ವೈರ್ ಹಾಕಿ ಬೈಪಾಸ್ ಮಾಡಿ ‘ಈಗ ಹಾಡ್ತಿದೆ ನೋಡಿ ಸಾರ್’ ಅನ್ನುವ ರಿಪೇರಿಯನ್ನು ದಯವಿಟ್ಟು ಒಪ್ಪಬೇಡಿ.

ಮೊದಲ ಹಾಡು ಹಳೆ ಸ್ಪೀಕರ್‌ಗೆ

ಮೀಟರ್ ಸರಿ ಅಂದರೂ ಒಳ್ಳೆ ಸ್ಪೀಕರ್ ಇನ್ನೂ ಬೇಡ. ಕೆಟ್ಟ ಟೇಪ್ ರೆಕಾರ್ಡರ್‌ನದೋ ಹಳೆ ಕಾರಿನದೋ, ಹೋದರೆ ಹೋಗಲಿ ಅನ್ನುವಂಥ ಸ್ಪೀಕರ್ ಒಂದನ್ನು ಹಾಕಿ. ಆನ್ ಮಾಡುವಾಗ ಪೇಪರ್ ಮೇಲೆ ಕಣ್ಣಿಡಿ. ಸಣ್ಣಗೆ ಅಲುಗಿ ವಾಪಸ್ ತನ್ನ ಜಾಗಕ್ಕೆ ಬರಬೇಕು. ಒಳಗೋ ಹೊರಗೋ ಹೋಗಿ ನಿಂತರೆ ಡಿಸಿ ಇದೆ ಎಂದೇ ಲೆಕ್ಕ. ವಾಲ್ಯೂಮ್ ನಾಬ್ ತಿರುಗಿಸಿದಾಗ ಕರಕರ ಅಂದರೆ ಸೆಟ್ ಆರಿಸಿ, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು, ಇಪ್ಪತ್ತು ಮೂವತ್ತು ಸಲ ಆಚೀಚೆ ತಿರುಗಿಸಿ. ಒಂದೆರಡು ಗಂಟೆ ಹೀಗೆ ಹಾಡಲಿ.

ಕಾಯಂ ಕಾವಲು

ಒಳಗೆ ಪ್ರೊಟೆಕ್ಷನ್ ಇಲ್ಲದ ಆಂಪನ್ನು ದಿನಾ ಬಳಸುವುದಾದರೆ ಹೊರಗಿನಿಂದ ಒಂದು ಪ್ರೊಟೆಕ್ಷನ್ ಬೋರ್ಡ್ ಹಾಕಿಸಿ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ‘ಸ್ಪೀಕರ್ ಪ್ರೊಟೆಕ್ಷನ್ ಬೋರ್ಡ್’ ಅಂತ ಕೇಳಿ, ಆನ್‌ಲೈನಲ್ಲೂ ಸಿಗುತ್ತದೆ. ಬಹಳಷ್ಟರಲ್ಲಿ ಯುಪಿಸಿ 1237 ಅನ್ನುವ ಐಸಿ (ಚಿಪ್) ಇರುತ್ತದೆ, ಇದೇ ಕೆಲಸಕ್ಕೆಂದೇ ಮಾಡಿದ ಐಸಿ. ಆನ್ ಮಾಡಿದಾಗ ಕೆಲವು ಸೆಕೆಂಡ್ ಕಾದು ಆಮೇಲೆ ಸ್ಪೀಕರ್ ಸೇರಿಸುತ್ತದೆ, ಹಾಗಾಗಿ ಆ ‘ಧಡ್’ ಸ್ಪೀಕರ್ ತಲುಪುವುದಿಲ್ಲ. ಔಟ್‌ಪುಟ್‌ನಲ್ಲಿ ಡಿಸಿ ಕಂಡರೆ ಬಿಡಿಸಿಬಿಡುತ್ತದೆ.

ಇಲ್ಲೊಂದು ಸೂಕ್ಷ್ಮ ಇದೆ. ಆ ಬೋರ್ಡಿನ ರಿಲೇ ಮೈಮೇಲೆ ಬಹಳ ಸಲ 30 ವೋಲ್ಟ್ ಡಿಸಿ ಅಂತ ಬರೆದಿರುತ್ತದೆ. ನಿಮ್ಮ ಆಂಪ್‌ನ ಸಪ್ಲೈ ಅದಕ್ಕಿಂತ ಜಾಸ್ತಿ ಇದ್ದರೆ, ಬಿಡುವ ಹೊತ್ತಿಗೆ ಕಿಡಿ ಹತ್ತಿ, ಆ ಕಿಡಿಯ ಮೂಲಕವೇ ಕರೆಂಟ್ ಹರಿಯುತ್ತಿರಬಹುದು. ಅದಕ್ಕೇ ಸ್ಪೀಕರ್ ವೈರನ್ನು ರಿಲೇಯ ನಡುವಿನ ಪಿನ್‌ಗೆ, ಆಂಪನ್ನು ಆನ್ ಆದಾಗ ಸೇರುವ ಪಿನ್‌ಗೆ, ಆಫ್ ಆದಾಗ ಸೇರುವ ಪಿನ್ನನ್ನು ಗ್ರೌಂಡ್‌ಗೆ ಕೊಡಿಸಿ. ಆಗ ಕಿಡಿ ಹತ್ತಿದರೂ ಕರೆಂಟ್ ಗ್ರೌಂಡ್‌ಗೆ ಹೋಗುತ್ತದೆ, ಫ್ಯೂಸ್ ಹಾರುತ್ತದೆ, ಸ್ಪೀಕರ್ ಉಳಿಯುತ್ತದೆ. ಮೆಕ್ಯಾನಿಕ್‌ಗೆ ಇದನ್ನು ಬಾಯಿಬಿಟ್ಟು ಹೇಳಿ.

ಬೋರ್ಡ್ ಬೇಡ ಅಂದರೆ ಸ್ಪೀಕರ್ ವೈರ್‌ನಲ್ಲಿ ಒಂದು ಬೇಗ ಹಾರುವ ಫ್ಯೂಸಾದರೂ ಇರಲಿ. 50 ವ್ಯಾಟ್, 8 ಓಮ್‌ಗೆ 2 ಆಂಪಿಯರ್. ವೂಫರ್‌ಗೆ ಇದು ಒಂದು ಮಟ್ಟಿಗೆ ರಕ್ಷಣೆ, ಏರುದನಿ ಕೊಡುವ ಸಣ್ಣ, ನಾಜೂಕಿನ ಟ್ವೀಟರ್‌ಗೆ ಅಷ್ಟಿಲ್ಲ.

ಓಮ್ ಮತ್ತು ವಾಲ್ವ್

ಹಿಂದೆ 8 ಓಮ್ ಅಂತ ಬರೆದಿದ್ದರೆ 4 ಓಮ್ ಸ್ಪೀಕರ್ ಹಾಕಬೇಡಿ, ಆಂಪ್ ಬಿಸಿಯೇರುತ್ತದೆ. ಎರಡು ಜೋಡಿ ಸ್ಪೀಕರ್ ಹಾಕಿ, ಅವುಗಳ ಎ ಮತ್ತು ಬಿ ಬಟನ್ ಎರಡನ್ನೂ ಒಟ್ಟಿಗೆ ಒತ್ತಿದರೂ ಸಾಮಾನ್ಯವಾಗಿ 8 ಇದ್ದದ್ದು 4 ಆಗುತ್ತದೆ.

ವಾಲ್ವ್ ಆಂಪ್‌ನಲ್ಲಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ನಡುವೆ ಇರುವುದರಿಂದ ಡಿಸಿ ಭಯ ಇಲ್ಲವೇ ಇಲ್ಲ ಅನ್ನಬಹುದು. ಆದರೆ ಸ್ಪೀಕರ್ ಬಿಚ್ಚಿಡಿ ಅನ್ನುವ ಮಾತು ಅಲ್ಲಿ ತಿರುವುಮುರುವು: ಸ್ಪೀಕರ್ ಇಲ್ಲದೆ ಅದನ್ನು ಹಾಡಿಸಲೇಬಾರದು, ಆ ಟ್ರಾನ್ಸ್‌ಫಾರ್ಮರೇ ಸುಟ್ಟುಹೋಗಬಹುದು. ಒಳಗೆ ನೂರಾರು ವೋಲ್ಟ್ ಇರುತ್ತದೆ, ಮುಚ್ಚಳ ತೆಗೆಯುವ ಕೆಲಸ ತಿಳಿದವರಿಗೇ ಇರಲಿ.

ದಿನದ ಬಳಕೆ

ಫೋನು, ಪ್ಲೇಯರ್ ಮೊದಲು ಆನ್, ಆಂಪ್ ಕೊನೆಗೆ. ಆರಿಸುವಾಗ ಆಂಪ್ ಮೊದಲು. ವೈರ್ ಬದಲಿಸುವುದು ಸೆಟ್ ಆರಿಸಿಯೇ. ಕರೆಂಟ್ ಹೋದಾಗ ಎದ್ದು ಸ್ವಿಚ್ ಆರಿಸಿ, ಇದನ್ನು ಮನೆಯವರಿಗೂ ಹೇಳಿಡಿ. ಮಳೆಗಾಲದ ಸಂಜೆ ಐದು ನಿಮಿಷಕ್ಕೆ ಮೂರು ಸಲ ಹೋಗಿ ಬರುತ್ತದಲ್ವಾ, ಪ್ರತಿ ಸಲವೂ ಸ್ಪೀಕರ್‌ಗೆ ಒಂದು ಗುದ್ದು. ಹಾಡು ಒಡೆದು ಕೇಳಿಸಿದರೆ ವಾಲ್ಯೂಮ್ ಇಳಿಸಿ. ಶಕ್ತಿ ಸಾಲದ ಸಣ್ಣ ಆಂಪನ್ನು ಒತ್ತಾಯ ಮಾಡಿದರೆ ಮೊದಲು ಹೋಗುವುದು ಟ್ವೀಟರ್.

ಮಾವನ ಆಂಪ್‌ಗೆ ಆಮೇಲೆ ಔಟ್‌ಪುಟ್ ಟ್ರಾನ್ಸಿಸ್ಟರ್ ಜೋಡಿ, ಕೆಪಾಸಿಟರ್‌ಗಳು ಎಲ್ಲ ಹೊಸದು ಬಿದ್ದವು. ಈಗ ಎಡಗಡೆ 14, ಬಲಗಡೆ 22 ಮಿಲಿವೋಲ್ಟ್. ಸೆಟ್‌ನ ತಳಕ್ಕೆ ಒಂದು ಚೀಟಿ ಅಂಟಿಸಿ, ಮೂರು ತಿಂಗಳಿಗೊಮ್ಮೆ ಅಳೆದು ತಾರೀಖಿನ ಜೊತೆ ಪೆನ್ಸಿಲ್‌ನಲ್ಲಿ ಬರೆಯುತ್ತೇನೆ. ನೀವೂ ಹಾಗೇ ಮಾಡಿ. ಇವತ್ತಿನ ಅಂಕಿ ಎಷ್ಟು ಅನ್ನುವುದಕ್ಕಿಂತ ಅದು ಏರುತ್ತಿದೆಯಾ ಅನ್ನುವುದು ಮುಖ್ಯ. 20 ಇದ್ದದ್ದು 35, ಆಮೇಲೆ 60 ಆದರೆ ಆ ದಿನವೇ ಸ್ಪೀಕರ್ ವೈರ್ ಬಿಚ್ಚಿ ಪಕ್ಕಕ್ಕಿಡಿ.