ಪಾಂಟೂನ್ ದೋಣಿಯನ್ನು ಪೆಟ್ಟಾಗದಂತೆ ಟ್ರೈಲರ್‌ಗೆ ಏರಿಸುವುದು

ಪಾಂಟೂನ್ ದೋಣಿ ನೋಡಲು ಗಟ್ಟಿಮುಟ್ಟು. ಆದರೆ ಅದನ್ನು ತೇಲಿಸುವ ಅಲ್ಯೂಮಿನಿಯಂ ಟ್ಯೂಬುಗಳ ತಗಡು ಸಾಮಾನ್ಯವಾಗಿ ಎರಡರಿಂದ ಎರಡೂವರೆ ಮಿಲಿಮೀಟರ್ ದಪ್ಪ, ಅಷ್ಟೇ. ನೀರಿನಲ್ಲಿ ದೋಣಿಯ ಭಾರ ಟ್ಯೂಬಿನ ಉದ್ದಕ್ಕೂ ಹಂಚಿಹೋಗಿರುತ್ತದೆ. ಟ್ರೈಲರ್ ಮೇಲೆ ಅದೇ ಭಾರ ಹಲಗೆ ತಾಗಿದ ಜಾಗದಲ್ಲಿ ಮಾತ್ರ ಕೂರುತ್ತದೆ. ಏರಿಸುವಾಗ ಆಗುವ ಹಾನಿಗೆ ಬಹುಪಾಲು ಕಾರಣ ಎರಡೇ: ಟ್ರೈಲರನ್ನು ತಪ್ಪು ಆಳಕ್ಕೆ ಇಳಿಸುವುದು, ಆಮೇಲೆ ಆ ತಪ್ಪನ್ನು ಎಂಜಿನ್ ಜೋರಿನಿಂದ ಮುಚ್ಚಲು ನೋಡುವುದು.

ನೀರಿಗೆ ಇಳಿಸುವ ಮೊದಲೇ ಟ್ರೈಲರ್‌ನ ಬಂಕ್ ಹಲಗೆಗಳ (ಟ್ಯೂಬುಗಳು ಕೂರುವ, ಕಾರ್ಪೆಟ್ ಹೊದಿಸಿದ ಉದ್ದ ಹಲಗೆಗಳು) ಮೇಲೆ ಕೈಯಾಡಿಸಿ. ಕಾರ್ಪೆಟ್ ಹರಿದು ಸ್ಟೇಪಲ್ ಪಿನ್ನೋ ಬೋಲ್ಟ್ ತಲೆಯೋ ಮೇಲೆದ್ದಿದ್ದರೆ ಅದು ಟ್ಯೂಬಿನ ಉದ್ದಕ್ಕೂ ಗೆರೆ ಎಳೆಯುತ್ತದೆ. ಬೋಲ್ಟ್ ತಲೆ ಮರದೊಳಗೆ ಕನಿಷ್ಠ ಅರ್ಧ ಸೆಂಟಿಮೀಟರ್ ಹುದುಗಿರಬೇಕು. ಹಲಗೆ ಬದಲಿಸುವವರು ತಾಮ್ರದ ರಾಸಾಯನಿಕ ಊಡಿಸಿದ ಮರವನ್ನು ಬಳಸದಿರುವುದೇ ಒಳ್ಳೆಯದು. ಒದ್ದೆ ಕಾರ್ಪೆಟ್ ಮೂಲಕ ಆ ತಾಮ್ರ ಅಲ್ಯೂಮಿನಿಯಂಗೆ ತಾಗಿ ತೂತು ತೂತಾಗಿ ತಿನ್ನುತ್ತದೆ. ಹಾನಿ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಪ್ರತಿ ಟ್ಯೂಬಿನ ಅಡಿಯಲ್ಲಿ ಎರಡು ಹಲಗೆ, ನಡುವೆ ಕೀಲ್ ಪಟ್ಟಿಗೆ (ಟ್ಯೂಬಿನ ತಳದುದ್ದಕ್ಕೂ ಇರುವ ಪಟ್ಟಿ) ಜಾಗ, ಹಲಗೆಯ ಹಿಂತುದಿ ಟ್ಯೂಬಿನ ಕೊನೆಯವರೆಗೂ ಚಾಚಿರುವುದು: ಇವಿಷ್ಟು ಸರಿಯಿದ್ದರೆ ಸಾಕು. ಹಲಗೆ ಗಿಡ್ಡವಾಗಿ ಎಂಜಿನ್ ಭಾರ ಹಿಂದೆ ನೇತಾಡಿದರೆ, ರಸ್ತೆಯ ಪ್ರತಿ ಕುಲುಕಿಗೂ ಹಲಗೆಯ ತುದಿ ಟ್ಯೂಬನ್ನು ಒತ್ತುತ್ತದೆ.

ಕಾರ್ಪೆಟ್ ಮೇಲೆ ಸಿಲಿಕೋನ್ ಸ್ಪ್ರೇ ಹೊಡೆಯುವ ಅಭ್ಯಾಸ ಹಲವರಿಗಿದೆ. ಜಾರುವುದು ಸುಲಭವಾಗುತ್ತದೆ, ನಿಜ. ಆದರೆ ಮುಂದೆ ದೋಣಿಯನ್ನು ನೀರಿಗಿಳಿಸುವಾಗ ವಿಂಚ್ (ಹಿಡಿ ತಿರುಗಿಸಿ ದೋಣಿಯನ್ನು ಎಳೆಯುವ ರಾಟೆ) ಪಟ್ಟಿಯನ್ನು ಒಂದು ಕ್ಷಣ ಮೊದಲು ಬಿಚ್ಚಿದರೂ ದೋಣಿ ನೀರು ಮುಟ್ಟುವ ಮೊದಲೇ ನೀರಿಗಿಳಿಯುವ ಕಾಂಕ್ರೀಟ್ ಇಳಿಜಾರಾದ ರ್‍ಯಾಂಪ್ ಮೇಲೆ ಜಾರಿ ಬೀಳುತ್ತದೆ. ಹಲಗೆಯನ್ನು ನೀರಲ್ಲಿ ನೆನೆಸುವುದೇ ಸಾಕಷ್ಟು ಜಾರಿಕೆ ಕೊಡುತ್ತದೆ.

ದೂರದಿಂದ ಬಂದ ಟ್ರೈಲರ್ ಆದರೆ ಚಕ್ರದ ನಡುವಿನ ಹಬ್‌ಗಳು ತಣಿಯುವವರೆಗೆ ಕಾಯಿರಿ. ಬಿಸಿ ಹಬ್ ನೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗಿ, ಸೀಲ್ ದಾಟಿ ನೀರನ್ನು ಬೇರಿಂಗ್‌ವರೆಗೂ ಎಳೆದುಕೊಳ್ಳುತ್ತದೆ. ಟ್ರೈಲರ್ ದೀಪಗಳ ಪ್ಲಗ್ ತೆಗೆಯಿರಿ. ದೋಣಿಯಲ್ಲಿ ಬಿಮಿನಿ ಎಂಬ ಬಟ್ಟೆಯ ಮೇಲ್ಛಾವಣಿಯನ್ನು ಮಡಚಿ ಕಟ್ಟಿ. ಬಿಚ್ಚಿದ್ದರೆ ಅದು ಹಾಯಿಯಂತೆ ಗಾಳಿ ಹಿಡಿಯುತ್ತದೆ. ದೋಣಿ ಒಂದು ಬದಿಗೆ ವಾಲಿದೆಯೇ ಎಂದೂ ನೋಡಿ. ವಾಲಿದ್ದರೆ ಆ ಟ್ಯೂಬಿನೊಳಗೆ ನೀರು ಸೇರಿರಬಹುದು. ನೂರು ಲೀಟರ್ ನೀರೆಂದರೆ ನೂರು ಕಿಲೋ, ಅದೂ ಒಂದೇ ಬದಿಯ ಹಲಗೆಯ ಮೇಲೆ.

ಆಳದ ಲೆಕ್ಕ

ಮೊದಲು ಹಲಗೆ ಪೂರ್ತಿ ಮುಳುಗುವಷ್ಟು ಹಿಂದಕ್ಕಿಳಿಸಿ, ಕಾರ್ಪೆಟ್ ನೆನೆದ ಮೇಲೆ ಮುಂದಕ್ಕೆಳೆದು, ಹಲಗೆಯ ಮುಂದಿನ ಮೂರನೇ ಒಂದು ಭಾಗ ನೀರಿನ ಮೇಲೆ ಕಾಣುವಂತೆ ನಿಲ್ಲಿಸಿ. ಸಾಧಾರಣ ಇಳಿಜಾರಿನ ರ್‍ಯಾಂಪಿನಲ್ಲಿ ಆಗ ಚಕ್ರದ ಮಡ್‌ಗಾರ್ಡ್ ನೀರಿನ ಮಟ್ಟದ ಆಸುಪಾಸಿನಲ್ಲಿರುತ್ತದೆ. ಕಡಿದಾದ ರ್‍ಯಾಂಪಿನಲ್ಲಿ ಹಿಂತುದಿ ಬೇಗ ಆಳಕ್ಕೆ ಹೋಗುವುದರಿಂದ ಮಡ್‌ಗಾರ್ಡನ್ನು ನಂಬದೆ ಹಲಗೆಯನ್ನೇ ನೋಡಿ.

ಹೆಚ್ಚು ಆಳವಾದರೆ ದೋಣಿ ಹಲಗೆಯನ್ನು ಮುಟ್ಟದೆ ಮೇಲೆಯೇ ತೇಲುತ್ತದೆ. ಮೂತಿ ವಿಂಚ್ ಕಂಬಕ್ಕೆ ನೇರವಾಗಿ ನಿಂತಿದ್ದರೂ ಹಿಂಭಾಗ ಗಾಳಿಗೆ ಪಕ್ಕಕ್ಕೆ ಸರಿದಿರುತ್ತದೆ. ಟ್ರೈಲರ್ ಮೇಲೆ ಬರುತ್ತಿದ್ದಂತೆ ಒಂದು ಟ್ಯೂಬ್ ಹಲಗೆಯ ಅಂಚಿನ ಮೇಲೆ ಕುಳಿತು ತಗ್ಗಾಗುತ್ತದೆ. ಆಳ ಕಡಿಮೆಯಾದರೆ ಟ್ಯೂಬಿನ ಮೂತಿಯೇ ಹಲಗೆಯ ಹಿಂತುದಿಗೆ ಗುದ್ದುತ್ತದೆ. ಆಗ ಚಾಲಕ ಥ್ರಾಟಲ್ ಒತ್ತುತ್ತಾನೆ. ಪ್ರೊಪೆಲರ್ ಎಬ್ಬಿಸುವ ನೀರು ರ್‍ಯಾಂಪ್ ಕಾಂಕ್ರೀಟ್ ಮುಗಿದ ಜಾಗದಲ್ಲಿ ಮಣ್ಣನ್ನು ಕೊರೆದು ಗುಂಡಿ ಮಾಡುತ್ತದೆ. ಮುಂದಿನವರ ಟ್ರೈಲರ್ ಚಕ್ರ ಸಿಕ್ಕಿಕೊಳ್ಳುವುದು ಆ ಗುಂಡಿಯಲ್ಲೇ.

ಟ್ರೈಲರ್‌ನ ಹಿಂಬದಿಯ ಎರಡೂ ಮೂಲೆಗಳಲ್ಲಿ ನಿಲುವು ಕಂಬಗಳಿಲ್ಲದಿದ್ದರೆ ಹಾಕಿಸಿಕೊಳ್ಳಿ. ಮುಳುಗಿದ ಟ್ರೈಲರ್ ಎಲ್ಲಿದೆ ಎಂದು ತೋರಿಸುವುದು ಅವೇ.

ನಡೆಯುವ ವೇಗಕ್ಕಿಂತ ನಿಧಾನವಾಗಿ ಬನ್ನಿ, ಆದರೆ ಪೂರ್ತಿ ನಿಲ್ಲಬೇಡಿ. ವೇಗ ಸತ್ತ ಪಾಂಟೂನ್ ಸ್ಟಿಯರಿಂಗ್ ಮಾತು ಕೇಳುವುದಿಲ್ಲ. ಅಡ್ಡಗಾಳಿಯಿದ್ದರೆ ಗಾಳಿ ಬರುವ ಕಡೆಯ ಕಂಬಕ್ಕೆ ಗುರಿಯಿಡಿ, ಉಳಿದದ್ದನ್ನು ಗಾಳಿಯೇ ಸರಿಸುತ್ತದೆ. ಎಂಜಿನನ್ನು ಟ್ರಿಮ್‌ನಿಂದ (ಎಂಜಿನನ್ನು ಓರೆಯಾಗಿ ಮೇಲೆತ್ತುವ ವ್ಯವಸ್ಥೆ) ಅರ್ಧ ಎತ್ತಿ, ತಂಪಿನ ನೀರು ಒಳಬರುವ ತೂತು ಮುಳುಗಿಯೇ ಇರಲಿ. ಮೂತಿ ಹಲಗೆಗೆ ತಾಗಿದೊಡನೆ ನ್ಯೂಟ್ರಲ್, ಮತ್ತೆ ಆಫ್. ದೋಣಿ ಸಾಕಷ್ಟು ಮುಂದೆ ಬರದಿದ್ದರೆ ಹಿಂದೆ ಸರಿದು ಇನ್ನೊಮ್ಮೆ ಬನ್ನಿ.

ಉಳಿದ ದೂರವನ್ನು ವಿಂಚ್ ಎಳೆಯಲಿ. ಪಾಂಟೂನ್‌ಗಳಲ್ಲಿ ಸಾಮಾನ್ಯವಾಗಿ ಎಳೆಯುವ ಕೊಂಡಿ ಪ್ರತಿ ಟ್ಯೂಬಿನ ಮೂತಿಯಲ್ಲೂ ಇರುತ್ತದೆ. ಒಂದಕ್ಕೆ ಮಾತ್ರ ಹುಕ್ ಹಾಕಿದರೆ ದೋಣಿ ಓರೆಯಾಗುತ್ತದೆ. ವಿ ಆಕಾರದ ಪಟ್ಟಿಯಿಂದ ಎರಡನ್ನೂ ಸಮವಾಗಿ ಎಳೆಯಿರಿ. ವಿಂಚ್ ಹಿಡಿ ತಿರುಗಿಸಲು ಮೈಭಾರವೆಲ್ಲ ಬೇಕಾದರೆ, ಟ್ರೈಲರ್ ಸಾಕಷ್ಟು ಮುಳುಗಿಲ್ಲ ಎಂದರ್ಥ. ಒಂದಡಿ ಹಿಂದಕ್ಕೆ ಬಿಡಿ.

ಸುರಕ್ಷಾ ಸರಪಳಿ ಹಾಕಿ, ಎಂಜಿನನ್ನು ಪೂರ್ತಿ ಎತ್ತಿ, ದೋಣಿ ಹಲಗೆ ಮೇಲೆ ಕೂರುತ್ತಿದ್ದಂತೆ ಗಾಡಿ ನಿಲ್ಲಿಸಿ, ಇನ್ನೂ ರ್‍ಯಾಂಪ್ ಮೇಲಿರುವಾಗಲೇ ಹಿಂದಿನಿಂದ ನೋಡಿ. ಎಡ–ಬಲ ಕಂಬಗಳಿಗೆ ಇರುವ ಸಂದು ಒಂದೇ ಅಳತೆಯಲ್ಲಿದೆಯೇ? ಹಲಗೆ ಟ್ಯೂಬಿಗೆ ಬೆಸೆದ ರೆಕ್ಕೆಯಂಥ ಪಟ್ಟಿಗಳನ್ನು ಒತ್ತುತ್ತಿದೆಯೇ? ಓರೆಯಿದ್ದರೆ ಮತ್ತೆ ನೀರಿಗಿಳಿಸಿ ತೇಲಿಸಿ ಸರಿಪಡಿಸಿ. ಒಣ ಹಲಗೆಯ ಮೇಲೆ ಭುಜ ಕೊಟ್ಟು ತಳ್ಳುವುದು, ಬ್ರೇಕ್ ಗಕ್ಕನೆ ಹಾಕಿ ದೋಣಿಯನ್ನು ಮುಂದಕ್ಕೆ ಜಾರಿಸುವುದು, ಎರಡೂ ಟ್ಯೂಬನ್ನೇ ಉಜ್ಜುತ್ತವೆ. ಮೂತಿ ಮತ್ತು ವಿಂಚ್ ಕಂಬದ ತಡೆರೋಲರ್ ನಡುವೆ ಸಂದು ಬಿದ್ದರೂ ಇದೇ ಪರಿಹಾರ.

ಕತ್ತರಿ ಮಾದರಿಯ ಟ್ರೈಲರ್ ಬೇರೆ ಜಾತಿ. ಅದು ಟ್ಯೂಬುಗಳ ನಡುವೆ ನುಗ್ಗಿ, ಡೆಕ್ ಅಡಿಯ ಅಡ್ಡತೊಲೆಗಳನ್ನು ಹೊತ್ತು ಎತ್ತುತ್ತದೆ. ಟ್ಯೂಬಿಗೆ ಅದರ ಕಬ್ಬಿಣ ತಾಗಕೂಡದು. ನೀರಿಂದ ಬಂದ ಮೇಲೆ ಪ್ರಯಾಣಕ್ಕೆ ಪೂರ್ತಿ ಕೆಳಗಿಳಿಸಿ. ಚಕ್ರಗಳ ಅಂತರ ಕಿರಿದು, ಎತ್ತಿದ ಸ್ಥಿತಿಯಲ್ಲಿ ತಿರುವು ತೆಗೆದರೆ ಉರುಳುವ ಅಪಾಯ ನಿಜಕ್ಕೂ ಇದೆ. ಮೂರು ಟ್ಯೂಬಿನ ದೋಣಿಗೆ ಇದು ಹೊಂದುವುದೂ ಇಲ್ಲ.

ಕಟ್ಟುವ ರಾಚೆಟ್ ಪಟ್ಟಿಗಳನ್ನು ದೋಣಿಯ ಹಿಂಬದಿಯ ಕೊಂಡಿಗಳಿಂದ ಟ್ರೈಲರ್ ಚೌಕಟ್ಟಿಗೆ ಬಿಗಿಯಿರಿ. ಕಂಬಿಬೇಲಿಯ ಮೇಲೆ ಹಾಯಿಸಿದರೆ ಬೇಲಿ ಬಾಗುತ್ತದೆ. ಗೇಟುಗಳ ಚಿಲಕ ಹಾಕಿ, ಬಿಡಿ ಕುಶನ್‌ಗಳನ್ನು ಒಳಗಿಡಿ, ದೀಪದ ಪ್ಲಗ್ ಮತ್ತೆ ಚುಚ್ಚಿ. ಕೆಲವು ಕಿಲೋಮೀಟರ್ ಹೋಗಿ ನಿಂತು, ಸಡಿಲಾದ ಪಟ್ಟಿಗಳನ್ನು ಇನ್ನೊಮ್ಮೆ ಬಿಗಿದು, ಹಬ್‌ಗಳ ಬಳಿ ಕೈ ಹಿಡಿದು ಬಿಸಿ ಹೆಚ್ಚಾಗಿದೆಯೇ ನೋಡಿ.