ಅಪಾಯ ಇದೆ ಅಂತ ‘ಬೇಡ’ ಅನ್ನುವ ಮೊದಲು

ಬೌದ್ಧಿಕ ಅಂಗವೈಕಲ್ಯ ಇರುವವರನ್ನು ನೋಡಿಕೊಳ್ಳುವಾಗ ‘ಏನಾದರೂ ಆದರೆ ಕಷ್ಟ, ಬೇಡ ಬಿಡಿ’ ಅನ್ನುವುದು ತುಂಬಾ ಸುಲಭ. ಆದರೆ ಬೇಡ ಅಂದಿದ್ದರಿಂದಲೂ ಅವರಿಗೆ ನಷ್ಟ ಆಗುತ್ತದೆ. ಆ ನಷ್ಟವನ್ನು ಯಾರೂ ಬರೆದಿಡುವುದಿಲ್ಲ, ಅಷ್ಟೇ. ತಮ್ಮ ಜೀವನದ ತೀರ್ಮಾನ ತಾವೇ ತೆಗೆದುಕೊಳ್ಳುವ ಹಕ್ಕು ಅವರಿಗೂ ಇದೆ, ಅದಕ್ಕೆ ಬೇಕಾದ ಸಹಾಯ ಸಿಗಬೇಕು ಅಂತ ಅಂಗವಿಕಲರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 2006ರಲ್ಲಿ ಮಾಡಿದ ಒಡಂಬಡಿಕೆಯೇ ಹೇಳುತ್ತದೆ.

ಹಾಗಾಗಿ ಮೊದಲು ಅವರನ್ನೇ ಕೇಳಿ. ಮಾತು ಕಷ್ಟವಾದರೆ ಚಿತ್ರ ತೋರಿಸಿ, ಆ ಜಾಗಕ್ಕೇ ಕರೆದುಕೊಂಡು ಹೋಗಿ, ಅವರನ್ನು ಚೆನ್ನಾಗಿ ಬಲ್ಲವರನ್ನೂ ಜೊತೆಗೆ ಕೂರಿಸಿಕೊಳ್ಳಿ.

ಒಬ್ಬರಿಗೆ ತಾವೊಬ್ಬರೇ ಬಸ್ಸಿನಲ್ಲಿ ಓಡಾಡುವ ಆಸೆ ಇದೆ ಅಂದುಕೊಳ್ಳಿ. ‘ಹೊರಗೆ ಹೋದರೆ ಅಪಾಯ’ ಅಂತ ಸುಮ್ನೆ ಬರೆದರೆ ಏನೂ ಉಪಯೋಗವಿಲ್ಲ. ಬಿಡಿಸಿ ಬರೆಯಿರಿ: ರಸ್ತೆ ದಾಟಲು ಬರುತ್ತದಾ, ಬಸ್ಸಿನ ನಂಬರ್ ಗುರುತಿಸುತ್ತಾರಾ, ಇಳಿಯುವ ಸ್ಟಾಪ್ ತಪ್ಪಿದರೆ ಏನು ಮಾಡುತ್ತಾರೆ, ಯಾರಾದರೂ ದುಡ್ಡು ಕೇಳಿದರೆ ಕೊಟ್ಟುಬಿಡುತ್ತಾರಾ? ಪ್ರತಿಯೊಂದಕ್ಕೂ ಹಾಗಾಗುವ ಸಾಧ್ಯತೆ ಎಷ್ಟು, ಹಾಗೇನಾದರೂ ಆದರೆ ಪೆಟ್ಟು ಎಷ್ಟು ದೊಡ್ಡದು ಅಂತ ಬೇರೆ ಬೇರೆಯಾಗಿ ಯೋಚಿಸಿ. ಬಹಳ ಸಲ ತೊಂದರೆ ಇರುವುದು ಒಂದೆರಡು ಕಡೆ ಮಾತ್ರ, ಅದನ್ನು ಕಲಿಸಬಹುದು: ಮೊದಲು ಪಕ್ಕದಲ್ಲೇ ಕೂತು ಹೋಗಿ, ಆಮೇಲೆ ಹಿಂದಿನ ಸೀಟಿನಲ್ಲಿ ಕೂತುಕೊಳ್ಳಿ, ನಂತರ ಸ್ಟಾಪಿನಲ್ಲಿ ಕಾಯಿರಿ, ಕೊನೆಗೆ ತಲುಪಿದ ಮೇಲೆ ಒಂದು ಫೋನ್ ಬಂದರೆ ಸಾಕು.

ಎಲ್ಲರೂ ಹೊರಗಿನ ಅಪಾಯಕ್ಕೇ ಜಾಸ್ತಿ ಹೆದರುತ್ತಾರೆ, ಅಲ್ವಾ? ನನಗೆ ಜಾಸ್ತಿ ಚಿಂತೆ ಮನೆಯೊಳಗಿನ ಸದ್ದಿಲ್ಲದ ಅಪಾಯಗಳದ್ದು. ಬೌದ್ಧಿಕ ಅಂಗವೈಕಲ್ಯ ಇರುವವರಲ್ಲಿ ಫಿಟ್ಸ್ ಬರುವವರು ಹೆಚ್ಚು. ಅಂಥವರನ್ನು ನೀರು ತುಂಬಿದ ಬಾತ್‌ಟಬ್‌ನಲ್ಲಿ ಒಬ್ಬರನ್ನೇ ಬಿಡಲೇಬಾರದು. ನೀರು ನಿಲ್ಲದ ಕಡೆ ಕೂತು ಶವರ್‌ನಲ್ಲಿ ಸ್ನಾನ ಮಾಡುವುದು ವಾಸಿ, ಒಳಗಿನಿಂದ ಚಿಲಕ ಹಾಕುವುದು ಬೇಡ, ಹೊರಗೆ ಒಬ್ಬರು ಸದ್ದು ಕೇಳಿಸುವಷ್ಟು ಹತ್ತಿರ ಇರಬೇಕು. ಫಿಟ್ಸ್ 5 ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಯಿರಿ.

ಊಟದ ಮಧ್ಯೆ ಪದೇ ಪದೇ ಕೆಮ್ಮು ಬರುತ್ತಿದ್ದರೆ, ಉಂಡ ಮೇಲೆ ಗಂಟಲು ಗೊರಗೊರ ಅನ್ನುತ್ತಿದ್ದರೆ, ಎದೆಯ ಸೋಂಕು ಮತ್ತೆ ಮತ್ತೆ ಕಾಡುತ್ತಿದ್ದರೆ ನುಂಗುವ ತೊಂದರೆ ಇರಬಹುದು. ನುಂಗುವ ತೊಂದರೆಯನ್ನೂ ನೋಡುವ ಸ್ಪೀಚ್ ಥೆರಪಿಸ್ಟ್‌ಗೆ ತೋರಿಸಿ. ಮಲಬದ್ಧತೆಯನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ, ಅದು ಮಿತಿಮೀರಿದರೆ ಜೀವಕ್ಕೇ ಕುತ್ತು. ಇನ್ನು ಮಾತು ಬಾರದವರೊಬ್ಬರು ಇದ್ದಕ್ಕಿದ್ದಂತೆ ತಲೆ ಚಚ್ಚಿಕೊಳ್ಳಲು, ಊಟ ಬಿಡಲು ಶುರು ಮಾಡಿದರೆ ‘ಅವರು ಇರೋದೇ ಹಾಗೆ’ ಅನ್ನಬೇಡಿ, ದಯವಿಟ್ಟು. ಹಲ್ಲುನೋವೋ ಕಿವಿನೋವೋ ಹೊಟ್ಟೆನೋವೋ ಇರಬಹುದು, ಮೊದಲು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.

ತೀರ್ಮಾನ ಆದ ಮೇಲೆ ಒಂದೇ ಪುಟದಲ್ಲಿ ಬರೆದಿಡಿ: ಅವರಿಗೆ ಏನು ಬೇಕು, ಎಲ್ಲಿ ತೊಂದರೆ, ಯಾರು ಏನು ಮಾಡಬೇಕು, ಮತ್ತೆ ಯಾವ ದಿನ ನೋಡಬೇಕು. ರಾತ್ರಿ ಪಾಳಿಗೆ ಹೊಸದಾಗಿ ಬಂದವರಿಗೂ ಓದಿದ ಕೂಡಲೇ ಅರ್ಥವಾಗಬೇಕು. ಬಿದ್ದರೆ, ಔಷಧಿ ಬದಲಾದರೆ, ಮನೆ ಬದಲಾದರೆ ಆ ದಿನಕ್ಕೆ ಕಾಯದೆ ಆಗಲೇ ತೆಗೆದು ನೋಡಿ. ಹಳೆಯ ನಿರ್ಬಂಧಗಳನ್ನೂ ಆಗಲೇ ಪ್ರಶ್ನಿಸಿ. ಅಡುಗೆಮನೆಗೆ ಬೀಗ ಯಾಕೆ ಹಾಕಿದ್ದು ಅಂತ ಅಲ್ಲಿರುವ ಯಾರಿಗೂ ಗೊತ್ತಿಲ್ಲದಿದ್ದರೆ, ಆ ಬೀಗ ಈಗಲೂ ಬೇಕಾ ಅಂತ ಅದೇ ವಾರ ಅವರನ್ನೂ ಕೂರಿಸಿಕೊಂಡು ಮಾತಾಡಿ.